ಸೀತಾಳೆ ದಂಡೆಗೆ ಅಂಗಳದ ಮರ

ಹೂಮಳೆ ಬಿದ್ದುಹೋಗಿ ಮುಂಗಾರು ಇನ್ನೂ ಘಟ್ಟ ಹತ್ತದಿರುವ ದಿನಗಳಲ್ಲಿ ಮಲೆನಾಡಿನ ಹಳೆಯ ಮರಗಳು ದಂಡೆ ಮುಡಿಯುತ್ತವೆ. ಮಾವು, ಹಲಸು, ಮತ್ತಿ, ಹೆಬ್ಬಲಸುಗಳ ಕವಲುಗಳಿಂದ ಗೇಣುದ್ದ, ಕೆಲವೆಡೆ ಮೊಳದುದ್ದದ ಹೂಗೊಂಚಲುಗಳು ಇಳಿಬೀಳುತ್ತವೆ. ಒಂದೊಂದು ಗೊಂಚಲಿನಲ್ಲಿ ನೂರಕ್ಕೂ ಮಿಕ್ಕಿದ ಸಣ್ಣ ಹೂಗಳು. ಬಿಳಿಯ ಮೇಲೆ ನಸುಗೆಂಪು ಚುಕ್ಕೆ, ನಡುವೆ ನೇರಳೆಗೆಂಪಿನ ನಾಲಗೆ. ಸೀತೆ ವನವಾಸದಲ್ಲಿ ಮುಡಿದದ್ದು ಎಂಬ ಮಾತಿನಿಂದಾಗಿ ಇದಕ್ಕೆ ಸೀತೆದಂಡೆ, ಸೀತಾಳಿ, ಸೀತಾಳೆ ದಂಡೆ ಎಂದು ಊರಿಗೊಂದು ಉಚ್ಚಾರದ ಹೆಸರು. ಸಸ್ಯಶಾಸ್ತ್ರದಲ್ಲಿ ಇದು ರಿಂಕೊಸ್ಟೈಲಿಸ್ ರೆಟ್ಯೂಸ.

ಹೂ ಅರಳುವ ಇದೇ ದಿನಗಳಲ್ಲಿ ಘಟ್ಟದ ರಸ್ತೆಯ ತಿರುವುಗಳಲ್ಲಿ ಇನ್ನೊಂದು ದೃಶ್ಯವೂ ಕಾಣಸಿಗುತ್ತದೆ. ಜೇನು, ಮುರುಗಲು, ಉಪ್ಪಾಗೆಗಳ ಜೊತೆಗೆ ಬೇರುಸಹಿತ ಕಿತ್ತ ಸೀತಾಳೆ ಗಿಡಗಳನ್ನು ಗಳಕ್ಕೆ ತೂಗುಹಾಕಿ ಮಾರುತ್ತಾರೆ. ಕಾರು ನಿಲ್ಲಿಸಿ ಕೊಳ್ಳುವವರು ಹೂವಿನ ಚೆಲುವಿಗೆ ಮನಸೋತವರೇ. ಗಿಡಕ್ಕೆ ಕೇಡು ಬಗೆಯುವ ಉದ್ದೇಶ ಅವರಲ್ಲಿ ಯಾರಿಗೂ ಇರುವುದಿಲ್ಲ. ಪಟ್ಟಣದ ಮನೆಯ ಕುಂಡದಲ್ಲಿ ಕೆಮ್ಮಣ್ಣು, ಗೊಬ್ಬರ ತುಂಬಿ ಅದನ್ನು ನೆಡುತ್ತಾರೆ, ದಿನವೂ ನೀರು ಹೊಯ್ಯುತ್ತಾರೆ. ಗಿಡ ಒಂದು ವರ್ಷ ಹಸಿರಾಗಿಯೇ ಇರುತ್ತದೆ. ಆಮೇಲೆ ಕೆಳಗಿನ ಎಲೆ ಸುಕ್ಕಾಗುತ್ತದೆ, ಸುಳಿ ಕಪ್ಪಾಗುತ್ತದೆ, ಒಂದು ದಿನ ಕೈಗೆ ಕಿತ್ತು ಬರುತ್ತದೆ. ಮುಂದಿನ ಬೇಸಿಗೆಯಲ್ಲಿ ಮತ್ತೊಂದು ಗಿಡದ ಖರೀದಿಯಾಗುತ್ತದೆ.

ಆ ಒಂದು ವರ್ಷದ ಹಸಿರೇ ಎಲ್ಲರನ್ನೂ ಮೋಸಗೊಳಿಸುತ್ತಿರುವುದು. ಸೀತಾಳೆಯ ಎಲೆ ದಪ್ಪ, ಕಾಂಡ ಗಟ್ಟಿ. ಕಾಡಿನ ನಾಲ್ಕೈದು ತಿಂಗಳ ಒಣಹವೆಯನ್ನು ದಾಟಲೆಂದು ಅದು ನೀರನ್ನೂ ಆಹಾರವನ್ನೂ ಎಲೆ, ಕಾಂಡ, ಬೇರುಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬೇರು ಸತ್ತ ಮೇಲೆಯೂ ಈ ಗಂಟು ಕರಗುವವರೆಗೆ ಅದು ಬದುಕಿರುವಂತೆ ತೋರುತ್ತದೆ. ಸಾಕಿದವರು ಗಿಡ ಹಿಡಿಯಿತೆಂದು ಸಂತೋಷಪಡುತ್ತಿರುವ ಕಾಲಕ್ಕೆ ಅದರ ಸಾವು ಅರ್ಧ ಮುಗಿದಿರುತ್ತದೆ. ಕಿತ್ತವನಿಗೂ ಕೊಂಡವನಿಗೂ ಈ ಲೆಕ್ಕ ಗೊತ್ತಾಗುವುದೇ ಇಲ್ಲವಾದ್ದರಿಂದ ವ್ಯಾಪಾರ ನಿರಾತಂಕವಾಗಿ ನಡೆಯುತ್ತದೆ.

ಸೀತಾಳೆಯನ್ನು ಮನೆಯಲ್ಲಿ ಬೆಳೆಸಬಾರದೆಂದು ಇದರರ್ಥವಲ್ಲ. ಮಲೆನಾಡಿನ ಮನೆಗಳಷ್ಟು ಅನುಕೂಲ ಈ ಗಿಡಕ್ಕೆ ಬೇರೆಲ್ಲಿಯೂ ದೊರೆಯದು. ಅಂಗಳದಂಚಿನಲ್ಲಿ ಒಂದು ಮಾವಿನ ಮರ, ಹಿತ್ತಿಲಲ್ಲಿ ಒಂದು ಹಲಸು, ಬೆಳಗಿನ ಮಂಜು, ಬೀಸುವ ಗಾಳಿ ಇವಿಷ್ಟಿದ್ದರೆ ಸಾಕು. ಗಿಡ ಎಲ್ಲಿಂದ ಬರಬೇಕು ಮತ್ತು ಎಲ್ಲಿ ಇರಬೇಕು ಎಂಬ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆತರೆ ಉಳಿದದ್ದನ್ನು ಅದು ತಾನೇ ನೋಡಿಕೊಳ್ಳುತ್ತದೆ.

ಮೊದಲಿಗೆ ಹಳೆಯದೊಂದು ತಪ್ಪು ತಿಳಿವಳಿಕೆಯ ಮಾತು. ಮರದ ಮೇಲೆ ಬೆಳೆಯುವುದನ್ನೆಲ್ಲ ಬಂದಳಿಕೆ, ಬದನಿಕೆ ಎಂದು ಒಂದೇ ಹೆಸರಿನಿಂದ ಕರೆಯುವ ರೂಢಿ ಹಲವೆಡೆ ಇದೆ. ಮಾವಿನ ತೋಪನ್ನು ಶುಚಿ ಮಾಡುವ ಉತ್ಸಾಹದಲ್ಲಿ ಬಂದಳಿಕೆಯ ಜೊತೆಗೆ ಸೀತಾಳೆಯನ್ನೂ ಕತ್ತಿಯಿಂದ ಕೆತ್ತಿ ಎಸೆಯುತ್ತಾರೆ. ಮರದ ರಸವನ್ನು ಹೀರುತ್ತದೆಂಬ ಆರೋಪ ಅದರ ಮೇಲಿದೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಬಂದಳಿಕೆಯನ್ನು ಬುಡದಲ್ಲಿ ಕತ್ತರಿಸಿ ನೋಡಿದರೆ ಅದು ಕೊಂಬೆಯ ಒಳಕ್ಕೆ ಇಳಿದು ಮರದೊಂದಿಗೆ ಒಂದಾಗಿರುವುದು ಕಾಣುತ್ತದೆ, ಅಲ್ಲಿ ಗಂಟು ಕಟ್ಟಿರುತ್ತದೆ. ಸೀತಾಳೆಯ ಬೇರು ತೊಗಟೆಯ ಮೇಲೆಯೇ ಹರಿದಿರುತ್ತದೆ. ಮೆಲ್ಲಗೆ ಬಿಡಿಸಿದರೆ ಅಡಿಯಲ್ಲಿ ಗಾಯವಿಲ್ಲ, ರಂಧ್ರವಿಲ್ಲ. ಅದಕ್ಕೆ ಮರದಿಂದ ಬೇಕಾದದ್ದು ನಿಲ್ಲುವ ಜಾಗ ಮಾತ್ರ. ಊಟ ತೊಗಟೆಯ ಬಿರುಕಿನಲ್ಲಿ ಸೇರಿದ ಎಲೆಪುಡಿ, ದೂಳು, ಹಕ್ಕಿಯ ಹಿಕ್ಕೆ ಮತ್ತು ಮಳೆನೀರಿನಲ್ಲಿ ತೊಳೆದು ಬರುವ ಲವಣಗಳಿಂದ. ಶಾಲೆಯ ಪುಸ್ತಕಗಳು ಇಂಥವನ್ನು ಅಪ್ಪುಸಸ್ಯಗಳೆಂದು ಕರೆಯುತ್ತವೆ. ಹೆಸರು ಚೆನ್ನಾಗಿದೆ, ಅಪ್ಪಿಕೊಂಡಿದೆ, ಅಷ್ಟೆ.

ಈ ಗಿಡ ವಿಜ್ಞಾನದ ಪುಸ್ತಕಕ್ಕೆ ಸೇರಿದ ಬಗೆಯೂ ಮಲೆಯವರಿಗೆ ತಿಳಿದಿರಬೇಕಾದದ್ದು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ‘ಹೊರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಗಿಡಗಳ ಮಾಹಿತಿ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯ ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಕೊನೆಯ ಸಂಪುಟದಲ್ಲಿ ಸೀತಾಳೆ ದಂಡೆಯ ಚಿತ್ರವಿದೆ. ಹೆಸರು ‘ಅನ್ಸ್ಜೆಲಿ ಮರವರ’. ಅನ್ಸ್ಜೆಲಿ ಎಂದರೆ ಮಲೆಯಾಳದ ಆಂಞಿಲಿ, ಕನ್ನಡದ ಹೆಬ್ಬಲಸು. ಹೆಬ್ಬಲಸಿನ ಮೇಲೆ ಬೆಳೆಯುವ ಮರವಾಸಿ ಎಂದು ಮುನ್ನೂರು ವರ್ಷಗಳ ಹಿಂದೆಯೇ ಅದರ ಗುರುತು ಹೇಳಿಯಾಗಿತ್ತು. 1753ರಲ್ಲಿ ಲಿನೇಯಸ್ ಅದಕ್ಕೆ ಲ್ಯಾಟಿನ್ ಹೆಸರಿಟ್ಟಾಗ, ಎಲೆಯ ತುದಿ ಕಚ್ಚಿ ತೆಗೆದಂತೆ ಇರುವುದನ್ನು ಸೂಚಿಸುವ ‘ರೆಟ್ಯೂಸ’ ಎಂಬ ಪದ ಸೇರಿತು. ಮರದ ಹೆಸರು ಬಿಟ್ಟುಹೋಯಿತು. ಮರದಿಂದ ಗಿಡವನ್ನು ಬೇರ್ಪಡಿಸಿ ನೋಡುವ ಅಭ್ಯಾಸ ಪುಸ್ತಕದಲ್ಲಿಯೇ ಆರಂಭವಾಯಿತೆಂದು ಯಾರಾದರೂ ಹೇಳಿದರೆ ಅದನ್ನು ಕುಚೋದ್ಯವೆಂದು ತಳ್ಳಿಹಾಕುವಂತಿಲ್ಲ.

ಇದೇ ಹೂ ಅಸ್ಸಾಮಿನಲ್ಲಿ ‘ಕೊಪೌ ಫೂಲ್’. ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳ ತುರುಬಿನಲ್ಲಿ ಅದು ಇರಲೇಬೇಕು. ಅಸ್ಸಾಮ್ ಮತ್ತು ಅರುಣಾಚಲ ಎರಡೂ ರಾಜ್ಯಗಳಿಗೆ ಅದು ರಾಜ್ಯಪುಷ್ಪ. ಮಲೆನಾಡಿನಲ್ಲಿಯೂ ಹಿಂದಿನವರು ಅದನ್ನು ಮುಡಿಯುತ್ತಿದ್ದರು, ದೇವರಿಗೆ ಏರಿಸುತ್ತಿದ್ದರು. ಹೂ ಕೊಯ್ದು ಮುಡಿದವರಿಂದ ಈ ಗಿಡಕ್ಕೆ ಹಾನಿಯಾದದ್ದು ಕಡಿಮೆ. ಗೊಂಚಲು ಹೋದರೂ ಗಿಡ ಮರದಲ್ಲೇ ಉಳಿಯುತ್ತದೆ, ಮುಂದಿನ ವರ್ಷ ಮತ್ತೆ ಹೂ ಬಿಡುತ್ತದೆ. ಗಿಡವನ್ನೇ ಒಯ್ಯಬೇಕೆಂಬ ಆಸೆ ಇತ್ತೀಚಿನದು.

ಗಿಡ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ನೆಲದ ಮೇಲೆಯೇ ಬಿದ್ದಿರುತ್ತದೆ. ಮುಂಗಾರಿನ ಮೊದಲ ಗಾಳಿಗೆ ಮುದಿಮರಗಳ ಕೊಂಬೆಗಳು ಮುರಿದು ಬೀಳುತ್ತವೆ. ಅವುಗಳೊಂದಿಗೆ ಸೀತಾಳೆಗಳೂ ನೆಲ ಸೇರುತ್ತವೆ. ನೆಲದಲ್ಲಿ ಅವು ಬದುಕವು. ದನ ತುಳಿಯುತ್ತದೆ, ಕೆಸರಿನಲ್ಲಿ ಬೇರು ಕೊಳೆಯುತ್ತದೆ, ಒಂದು ಮಳೆಗಾಲ ಮುಗಿಯುವುದರೊಳಗೆ ಗೊಬ್ಬರವಾಗುತ್ತವೆ. ಸೊಪ್ಪಿನಬೆಟ್ಟಗಳಲ್ಲಿ ಸೊಪ್ಪು ಕಡಿಯುವಾಗ ಸೀತಾಳೆಯಿದ್ದ ಟೊಂಗೆಗಳೂ ಉರುಳುತ್ತವೆ, ಹೊರೆಯೊಂದಿಗೆ ಕೊಟ್ಟಿಗೆ ಸೇರುತ್ತವೆ. ಕಾಫಿ ತೋಟಗಳಲ್ಲಿ ಮರಗಸಿ ಮಾಡುವ ದಿನಗಳಲ್ಲಿ ಬುಟ್ಟಿಗಟ್ಟಲೆ ಗಿಡಗಳು ಕಾಲಕೆಳಗೆ ಬಿದ್ದಿರುತ್ತವೆ. ಇವೆಲ್ಲ ತೋಟದ, ಬೆಟ್ಟದ, ಮನೆಯಂಗಳದ ಗಿಡಗಳು. ಇವನ್ನು ಎತ್ತಿ ಹತ್ತಿರದ ಮರಕ್ಕೆ ಕಟ್ಟಿದರೆ ಸಾಯುವ ಗಿಡವೊಂದು ಉಳಿಯಿತು. ನಿಂತ ಮರದಿಂದ ಒಂದನ್ನೂ ಕೀಳದೆ ಊರಿನ ಪ್ರತಿ ಮನೆಗೂ ಸೀತಾಳೆ ಒದಗಿಸಲು ಮಲೆನಾಡಿನ ಒಂದು ಮಳೆಗಾಲದ ಗಾಳಿ ಸಾಕಾದೀತು.

ಕಟ್ಟುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರದ್ದೂ ಅಲ್ಲ. ಬಿದ್ದ ಕೊಂಬೆ ಚಿಕ್ಕದಾಗಿದ್ದರೆ ಗಿಡವನ್ನು ಬಿಡಿಸಲೇಬಾರದು. ಕೊಂಬೆಯ ತುಂಡನ್ನೇ ಗರಗಸದಿಂದ ಕೊಯ್ದು, ತುಂಡುಸಹಿತ ಹೊಸ ಮರಕ್ಕೆ ಬಿಗಿದರೆ ಬೇರಿಗೆ ಪೆಟ್ಟಾಗುವುದಿಲ್ಲ. ಬಿಡಿಸುವುದು ಅನಿವಾರ್ಯವಾದಾಗ ಹಿಡಿದೆಳೆಯದೆ, ತೊಗಟೆಯ ಚಕ್ಕೆಸಹಿತ ಮೆಲ್ಲಗೆ ಎಬ್ಬಿಸಬೇಕು. ಸತ್ತ ಬೇರನ್ನು ಗುರುತಿಸುವುದು ಸುಲಭ: ಒತ್ತಿದರೆ ಒಳಗೆ ಟೊಳ್ಳು, ಬಣ್ಣ ಕಂದು. ಅಂಥವನ್ನು ಹರಿತವಾದ ಚೂರಿಯಿಂದ ತೆಗೆದು, ಗಾಯಗಳು ಒಣಗಲೆಂದು ಗಿಡವನ್ನು ಎರಡು ಮೂರು ದಿನ ನೆರಳಿನ ಗಾಳಿಯಲ್ಲಿ ತೂಗುಹಾಕಬೇಕು. ಹಸಿ ಗಾಯದೊಂದಿಗೆ ಆಷಾಢದ ಮಳೆಗೆ ಒಡ್ಡಿದರೆ ಕೊಳೆ ಖಂಡಿತ.

ಮರದ ಆಯ್ಕೆಯಲ್ಲಿ ಒಂದೇ ಸೂತ್ರ: ತೊಗಟೆ ಒರಟಾಗಿರಬೇಕು, ಉದುರಬಾರದು. ಮಾವು, ಹಲಸು, ಮತ್ತಿ, ಹೆಬ್ಬಲಸು ಒಳ್ಳೆಯವು. ನಂದಿ ಮತ್ತು ಪೇರಲೆ ಮರಗಳು ತೊಗಟೆಯನ್ನು ಹಾಳೆಹಾಳೆಯಾಗಿ ಕಳಚುತ್ತವೆ. ಸೀತಾಳೆ ಅಪ್ಪಿಕೊಂಡ ನೆಲವೇ ಅದರೊಂದಿಗೆ ಉದುರಿ ಬೀಳುತ್ತದೆ. ನೀಲಗಿರಿಯದೂ ಅದೇ ಕಥೆ. ಅಡಿಕೆ ಮರಕ್ಕೆ ಕಟ್ಟುವ ಆಸೆ ತೋಟಿಗರಿಗೆ ಸಹಜವಾಗಿ ಬರುತ್ತದೆ, ಆದರೆ ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಹೊಡೆಯುವ ಬೋರ್ಡೊ ದ್ರಾವಣದ ಮೈಲುತುತ್ತ ಗೊನೆಯಿಂದ ಇಳಿದು ಕಾಂಡದ ಮೇಲೆಲ್ಲ ಹರಿಯುತ್ತದೆ. ಸೀತಾಳೆಯ ಜಾತಿಯ ಹಲವು ಗಿಡಗಳಿಗೆ ತಾಮ್ರ ಆಗಿಬರುವುದಿಲ್ಲ. ತೋಟದ ಅಂಚಿನ ಮಾವಿಗೆ ಕಟ್ಟಿದರೂ ಔಷಧ ಹೊಡೆಯುವ ದಿನ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿಕೊಳ್ಳುವುದು ಒಳ್ಳೆಯದು. ಇದೇ ಕಾರಣಕ್ಕೆ ಗಿಡವನ್ನು ಕಟ್ಟಲು ತಾಮ್ರದ ತಂತಿಯನ್ನೂ ಬಳಸಬಾರದು. ಬಾಳೆನಾರು, ಹಳೆಯ ಹತ್ತಿಬಟ್ಟೆಯ ಪಟ್ಟಿ ಇವೇ ಉತ್ತಮ. ಒಂದೆರಡು ಮಳೆಗಾಲದಲ್ಲಿ ಅವು ತಾವಾಗಿ ಲಡ್ಡಾಗಿ ಬೀಳುತ್ತವೆ; ಅಷ್ಟರಲ್ಲಿ ಬೇರು ಮರವನ್ನು ಹಿಡಿದಿರುತ್ತದೆ. ಗಾಳಿಗೆ ಗಿಡ ಅಲುಗಾಡದಷ್ಟು ಬಿಗಿಯಾಗಿ ಕಟ್ಟುವುದು ಮುಖ್ಯ. ಅಲುಗಾಡಿದರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಮೊಂಡಾಗುತ್ತದೆ.

ಗಿಡವನ್ನು ನೆಟ್ಟಗೆ ನಿಲ್ಲಿಸಿ ಕಟ್ಟುವವರೇ ಹೆಚ್ಚು. ಕಾಡಿನ ಸೀತಾಳೆಯನ್ನು ಗಮನಿಸಿದರೆ ಅದು ಯಾವಾಗಲೂ ಓರೆಯಾಗಿ, ಮರದಿಂದ ಹೊರಚಾಚಿ ನಿಂತಿರುತ್ತದೆ. ದೋಣಿಯಂಥ ಎಲೆಗಳು ಸುಳಿಯಲ್ಲಿ ಕೂಡುವುದರಿಂದ ನೆಟ್ಟಗೆ ನಿಂತ ಗಿಡದಲ್ಲಿ ಮಳೆನೀರು ಬಟ್ಟಲಿನಲ್ಲಿ ನಿಂತಂತೆ ನಿಲ್ಲುತ್ತದೆ. ಸುಳಿ ಕೊಳೆತರೆ ಗಿಡ ಮುಗಿಯಿತು. ಒಂದೇ ಕಾಂಡದಲ್ಲಿ ಮೇಲ್ಮೇಲೆ ಬೆಳೆಯುವ ಜಾತಿ ಇದು. ಆದ್ದರಿಂದ ನೀರು ಜಾರಿಹೋಗುವಂತೆ ಓರೆಯಾಗಿಯೇ ಕಟ್ಟಬೇಕು. ದಿಕ್ಕು ಪೂರ್ವವಾದರೆ ಬೆಳಗಿನ ಎಳೆಬಿಸಿಲು ಸಿಗುತ್ತದೆ. ಎಲೆ ಕಡುಹಸಿರಾಗಿ ಜೋತುಬಿದ್ದರೆ ಬೆಳಕು ಸಾಲದು, ಹೂವೂ ಬಾರದು. ಹಳದಿಗೆ ತಿರುಗಿ ಕೆಂಪು ಚುಕ್ಕೆ ಬಿದ್ದರೆ ಬಿಸಿಲು ಹೆಚ್ಚಾಯಿತು.

ನೀರಿನ ವಿಷಯದಲ್ಲಿ ಬೇರೇ ಗುರು. ಸೀತಾಳೆಯ ಬೇರಿನ ಮೇಲೆ ಸತ್ತ ಕೋಶಗಳ ದಪ್ಪ ಹೊದಿಕೆಯೊಂದಿದೆ. ಅದು ಸ್ಪಂಜಿನಂತೆ ಕೆಲಸ ಮಾಡುತ್ತದೆ. ಒಣಗಿದಾಗ ಅದರ ತುಂಬ ಗಾಳಿ, ಬಣ್ಣ ಬೆಳ್ಳಿಬಿಳಿ. ನೀರು ಬಿದ್ದ ಕ್ಷಣಗಳಲ್ಲಿಯೇ ಹೊದಿಕೆ ಹೀರಿ ಪಾರದರ್ಶಕವಾಗುತ್ತದೆ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಬೇರು ಹಸಿರಾಗಿರುವವರೆಗೆ ನೀರು ಬೇಡ. ಬಿಳಿಯಾಗಿ ಒಂದೆರಡು ದಿನ ಕಳೆದ ಮೇಲೆ ಕೊಡಬಹುದು. ಶಾಲೆಯ ಮಕ್ಕಳು ಒಂದು ಲೋಟ ನೀರಿನಿಂದ ಇದನ್ನು ಮಾಡಿ ನೋಡಬಹುದು; ಬಣ್ಣ ಬದಲಾಗುವುದನ್ನು ಕಣ್ಣೆದುರು ಕಂಡ ಮಗುವಿಗೆ ಗಿಡಕ್ಕೆ ಮಣ್ಣು ಏಕೆ ಬೇಡವೆಂದು ಮತ್ತೆ ವಿವರಿಸಬೇಕಾಗುವುದಿಲ್ಲ. ಮಣ್ಣಿನಲ್ಲಿ ಹೂತ ಬೇರು ಬಿಳಿಗೆ ತಿರುಗುವ ಅವಕಾಶವನ್ನೇ ಪಡೆಯದೆ ಕೊಳೆಯುತ್ತದೆ. ಪಟ್ಟಣದ ಕುಂಡದಲ್ಲಿ ನಡೆಯುವುದು ಇದೇ.

ಮರಕ್ಕೆ ಕಟ್ಟಿದ ಗಿಡಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮನುಷ್ಯರ ನೀರು ಅನಗತ್ಯ. ಚಳಿಗಾಲದಲ್ಲಿ ಇಬ್ಬನಿಯೇ ಬಹುಮಟ್ಟಿಗೆ ಸಾಕು. ಹೊಸದಾಗಿ ಕಟ್ಟಿದ ಗಿಡಕ್ಕೆ ಮಾತ್ರ ಮೊದಲ ಬೇಸಿಗೆಯಲ್ಲಿ, ಫೆಬ್ರುವರಿಯಿಂದ ಮಳೆ ಬರುವವರೆಗೆ, ವಾರಕ್ಕೆರಡು ಮೂರು ಸಲ ಬೆಳಿಗ್ಗೆ ಬೇರಿಗೆ ನೀರು ಚಿಮುಕಿಸಬೇಕಾದೀತು. ಸಂಜೆ ಹಾಕಿದ ನೀರು ಸುಳಿಯಲ್ಲಿ ರಾತ್ರಿಯೆಲ್ಲ ನಿಲ್ಲುತ್ತದೆ. ಬೋರಿನ ಗಡಸುನೀರಿಗಿಂತ ಬಾವಿಯ ಸಿಹಿನೀರು, ಅದಕ್ಕಿಂತ ಹಿಡಿದಿಟ್ಟ ಮಳೆನೀರು ಲೇಸು.

ಮರವಿಲ್ಲದ ಮನೆಯವರೂ ನಿರಾಶರಾಗಬೇಕಿಲ್ಲ. ತೊಗಟೆ ಬಿಡದ ಗಟ್ಟಿ ಮರದ ತುಂಡೊಂದಕ್ಕೆ ಗಿಡವನ್ನು ಕಟ್ಟಿ ಜಗಲಿಯ ಮುಂದೆ ತೂಗುಹಾಕಬಹುದು. ಇಲ್ಲವೆ ರೀಪುಗಳಿಂದ ಮಾಡಿದ ಸಂದುಸಂದಾದ ಬುಟ್ಟಿಯಲ್ಲಿ ಇದ್ದಿಲಿನ ದಪ್ಪ ಚೂರುಗಳ ನಡುವೆ ಕೂರಿಸಬಹುದು. ತೆಂಗಿನ ಸಿಪ್ಪೆ ಬಯಲುಸೀಮೆಯ ಒಣಹವೆಗೆ ಒಳ್ಳೆಯದು. ಘಟ್ಟದ ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ನೀರು ಹಿಡಿದು ಬೇರನ್ನು ಕೊಳೆಸುತ್ತದೆ. ತೂಗುಹಾಕುವಾಗ ಹೆಂಚಿನ ಸೂರಿನಿಂದ ಸುರಿಯುವ ದಾರೆ ಗಿಡದ ನೆತ್ತಿಗೆ ಬೀಳದಂತೆ ಒಂದಡಿ ಒಳಗೆ ಸರಿಸಬೇಕು. ಮುಚ್ಚಿದ ಕೋಣೆ ಅದಕ್ಕೆ ಸೆರೆಮನೆ. ಇಂಥ ದಪ್ಪ ಎಲೆಯ ಅಪ್ಪುಸಸ್ಯಗಳಲ್ಲಿ ಬಹುಪಾಲು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ ನೀರು ಉಳಿಸಿಕೊಂಡು, ರಾತ್ರಿ ತೆರೆದು ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತವೆ. ತಂಪಾದ, ಚಲಿಸುವ ರಾತ್ರಿಯ ಗಾಳಿ ಅವುಗಳಿಗೆ ಅನ್ನದಷ್ಟೇ ಅಗತ್ಯ.

ಗೊಬ್ಬರದ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಮರದ ಮೇಲಿನ ಗಿಡಕ್ಕೆ ಬೇಡವೇ ಬೇಡ. ತುಂಡಿಗೋ ಬುಟ್ಟಿಗೋ ಕಟ್ಟಿದ್ದಕ್ಕೆ ಹೊಸ ಎಲೆ, ಬೇರು ಬರುವ ಕಾಲದಲ್ಲಿ ತಿಂಗಳಿಗೊಮ್ಮೆ ಬಹಳ ತೆಳ್ಳಗಿನ ದ್ರವಗೊಬ್ಬರ ಸಾಕು. ಬೇರಿನ ಹಸಿರು ತುದಿ ಕಪ್ಪಾದರೆ ಗೊಬ್ಬರ ಹೆಚ್ಚಾಯಿತೆಂದು ತಿಳಿದು ನಿಲ್ಲಿಸಬೇಕು. ಮಳೆಗಾಲದಲ್ಲಿ ಬಸವನಹುಳುಗಳು ರಾತ್ರಿ ಬಂದು ಎಳೆಬೇರಿನ ತುದಿಯನ್ನು ಮೇಯುತ್ತವೆ. ಲಾಟೀನು ಅಥವಾ ಬ್ಯಾಟರಿ ಹಿಡಿದು ಆರಿಸಿ ತೆಗೆಯುವುದಕ್ಕಿಂತ ಉತ್ತಮ ಉಪಾಯವಿಲ್ಲ. ಎಲೆಯ ಅಡಿಯಲ್ಲಿ ಅಂಟಿಕೂರುವ ಶಲ್ಕಕೀಟಗಳನ್ನು ಒದ್ದೆಬಟ್ಟೆಯಿಂದ ಒರೆಸಬೇಕು. ಇನ್ನು ಮಂಗಗಳಿಗೆ ಯಾವ ಪುಸ್ತಕದಲ್ಲಿಯೂ ಪರಿಹಾರ ಬರೆದಿಲ್ಲ. ಅವು ಕಿತ್ತೆಸೆದದ್ದನ್ನು ಮತ್ತೆ ಕಟ್ಟುವ ತಾಳ್ಮೆಯೊಂದೇ ದಾರಿ.

ಹೀಗೆ ಕಟ್ಟಿದ ಗಿಡ ಮೊದಲ ವರ್ಷ ಹೂ ಬಿಡದಿದ್ದರೆ ಆಶ್ಚರ್ಯವಿಲ್ಲ. ಹೊಸ ಬೇರೊಂದು ಹಸಿರು ತುದಿಯೊಂದಿಗೆ ಹೊರಟು ತೊಗಟೆಯ ಬಿರುಕನ್ನು ಹುಡುಕಿಕೊಂಡು ಅಂಟಿಕೊಂಡರೆ ಆ ವರ್ಷದ ಫಸಲು ಅದೇ ಎಂದು ತಿಳಿಯಬೇಕು.

ಹೂವಿನ ಬಳಿಕ ಕಾಯಿ ಕಟ್ಟಿದರೆ ಅದನ್ನು ಮುರಿಯದೆ ಬಿಡುವಂತೆ ವಿನಂತಿ. ಗಿಡದ ಶಕ್ತಿ ಕಾಯಿಗೆ ಹೋಗುತ್ತದೆಂದು ಕೆಲವು ಹವ್ಯಾಸಿಗಳು ಚಿವುಟುವುದುಂಟು. ಒಂದು ಕಾಯಿ ಬಲಿಯಲು ಹಲವು ತಿಂಗಳು ಬೇಕು. ಒಡೆದಾಗ ಹೊರಬೀಳುವುದು ದೂಳಿನಂಥ, ಲಕ್ಷಗಟ್ಟಲೆ ಸಂಖ್ಯೆಯ ಬೀಜ. ಭತ್ತದ ಕಾಳಿನೊಳಗೆ ಮೊಳಕೆಗೆ ಬೇಕಾದ ಬುತ್ತಿ ಇರುತ್ತದೆ. ಸೀತಾಳೆಯ ಬೀಜದಲ್ಲಿ ಅಂಥ ಬುತ್ತಿ ಇಲ್ಲ. ಗಾಳಿಯಲ್ಲಿ ತೇಲಿ ಯಾವುದೋ ತೊಗಟೆಯ ಬಿರುಕಿಗೆ ಬಿದ್ದಾಗ, ಅಲ್ಲಿ ತಕ್ಕ ಶಿಲೀಂಧ್ರ ಇದ್ದರೆ ಮಾತ್ರ ಅದರ ಎಳೆಗಳ ಮೂಲಕ ಆಹಾರ ಪಡೆದು ಮೊಳೆಯುತ್ತದೆ. ಈ ಸಂಬಂಧವನ್ನು 1899ರಲ್ಲಿ ಮೊದಲಿಗೆ ಗುರುತಿಸಿದವನು ಫ್ರಾನ್ಸಿನ ನೋಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಸಿ ತೋರಿಸಿದ. ಇಂದು ಅಂಗಡಿಗಳಲ್ಲಿ ಮಾರುವ ಡೆಂಡ್ರೋಬಿಯಮ್, ಫೆಲನಾಪ್ಸಿಸ್ ಮಿಶ್ರತಳಿಗಳೆಲ್ಲ ಅಲ್ಲಿಂದ ಬೆಳೆದುಬಂದ ಪ್ರಯೋಗಾಲಯ ವಿದ್ಯೆಯ ಮಕ್ಕಳು. ಕುಂಡದಲ್ಲಿಯೇ ಆರ್ಕಿಡ್ ಬೇಕೆನ್ನುವ ಪಟ್ಟಣಿಗರಿಗೆ ಅವು ಧಾರಾಳವಾಗಿ ದೊರೆಯುತ್ತವೆ, ಕಾಡಿನ ಮೇಲೆ ಅವುಗಳ ಭಾರವಿಲ್ಲ.

ಕಾಡಿನಲ್ಲಿ ಬೀಜದಿಂದ ಹೂವಿನವರೆಗಿನ ದಾರಿ ಬಹಳ ವರ್ಷಗಳದ್ದು, ಲಕ್ಷಕ್ಕೊಂದೋ ಎರಡೋ ಆ ದಾರಿ ಮುಗಿಸುತ್ತವೆ. ರಸ್ತೆಬದಿಯ ಗಳದಲ್ಲಿ ತೂಗುವ ಗಿಡದ ವಯಸ್ಸನ್ನು ಕೊಳ್ಳುವವನು ಕೇಳುವುದಿಲ್ಲ. ಹೂಬಿಟ್ಟ ಗಿಡಗಳನ್ನೇ ಆರಿಸಿ ಕೀಳುವುದರಿಂದ ಬೀಜ ಕೊಡಬೇಕಾದ ತಾಯಿಗಿಡಗಳೇ ಮೊದಲು ಹೋಗುತ್ತವೆ. ಪಶ್ಚಿಮ ಘಟ್ಟಗಳಲ್ಲಿ ಸುಮಾರು 300 ಜಾತಿಯ ಆರ್ಕಿಡ್‌ಗಳಿದ್ದು, ಅವುಗಳಲ್ಲಿ ಹಲವು ಜಗತ್ತಿನ ಬೇರೆಲ್ಲಿಯೂ ಕಾಣವು. ಸೀತಾಳೆ ದಂಡೆ ಅಷ್ಟು ಅಪರೂಪದ್ದಲ್ಲ. ಶ್ರೀಲಂಕಾದಿಂದ ಫಿಲಿಪ್ಪೀನ್ಸ್‌ವರೆಗೆ ಅದರ ವಾಸವಿದೆ. ಸಾಮಾನ್ಯವಾಗಿ ಕಾಣುತ್ತದೆಂಬ ಧೈರ್ಯದಲ್ಲಿಯೇ ಊರಿನ ಸುತ್ತಲ ಮರಗಳು ಒಂದೊಂದಾಗಿ ಬರಿದಾಗುತ್ತವೆ ಎಂಬುದು ಬೇರೆ ಮಾತು. ಜೊತೆಗೆ ಸೀತಾಳೆಯನ್ನು ಕೀಳಲು ಹತ್ತಿದ ಕೈ ಪಕ್ಕದಲ್ಲಿರುವ ಅಪರೂಪದ ಸಣ್ಣ ಜಾತಿಗಳನ್ನೂ ಬಿಡುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಕಾಡಿನ ಗಿಡ, ಬಳ್ಳಿ, ಹೂ, ಹಾವಸೆ ಎಲ್ಲವೂ ಅರಣ್ಯ ಉತ್ಪನ್ನವೇ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಒಯ್ಯುವುದು ಅಪರಾಧ. ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿ ಆರ್ಕಿಡ್ ಕುಟುಂಬವಿಡೀ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಆ ಒಪ್ಪಂದವನ್ನು ದೇಶದ ಕಾನೂನಿನೊಳಕ್ಕೆ ತಂದಿದೆ. ಆದರೆ ಕಾನೂನಿನ ಕೈಗೆ ಸಿಗುವವರು ಯಾರು ಎಂಬುದನ್ನು ಯೋಚಿಸಬೇಕು. ಬೇಸಿಗೆಯಲ್ಲಿ ಕೂಲಿಯಿಲ್ಲದೆ, ನಾಲ್ಕು ಗಿಡ ಕಿತ್ತು ತಂದು ಹೊಟ್ಟೆ ಹೊರೆಯುವವನನ್ನು ಹಿಡಿಯುವುದು ಸುಲಭ. ನೂರಾರು ಗಿಡಗಳನ್ನು ತರಿಸಿ ಸಿಮೆಂಟಿನ ಕಂಬಗಳಿಗೆ ಅಂಟಿಸಿ ಅತಿಥಿಗಳಿಗೆ ಮಲೆನಾಡಿನ ಸೊಬಗೆಂದು ತೋರಿಸುವ ವಸತಿಗೃಹಗಳನ್ನು ಕೇಳುವವರಿಲ್ಲ. ಬೇಡಿಕೆ ಇರುವವರೆಗೆ ಗಳ ಖಾಲಿಯಾಗುವುದಿಲ್ಲ. ಇಂಥ ಕಡೆ ಉಳಿದುಕೊಳ್ಳುವ ಅತಿಥಿಗಳು, ಗಿಡಗಳು ಎಲ್ಲಿಂದ ಬಂದವೆಂದು ಒಂದು ಪ್ರಶ್ನೆ ಕೇಳಿದರೂ ಪರಿಣಾಮವಾದೀತು. ಮಲೆನಾಡಿನ ಮನೆಗಳವರೇ ನಡೆಸುವ ಹೋಮ್‌ಸ್ಟೇಗಳಿಗೆ ಈ ಮಾತು ಇನ್ನೂ ಹತ್ತಿರದ್ದು: ಅವರ ಅಂಗಳದಲ್ಲಿ ಮರಗಳಿವೆ.

ರಸ್ತೆ ಅಗಲೀಕರಣದ ಪ್ರಶ್ನೆ ಇದಕ್ಕಿಂತ ದೊಡ್ಡದು. ಸಾಲುಮರಗಳನ್ನು ಕಡಿಯುವಾಗ ಮರದ ಘನ ಅಡಿಗಳ ಲೆಕ್ಕ ಬರೆಯುತ್ತಾರೆ, ಬದಲಿಗೆ ನೆಡುವ ಸಸಿಗಳ ಲೆಕ್ಕ ಬರೆಯುತ್ತಾರೆ. ಶತಮಾನದ ಮಾವಿನ ಮರವೊಂದರ ಮೇಲಿದ್ದ ಸೀತಾಳೆ, ಜರಿಗಿಡ, ಹಾವಸೆಗಳಿಗೆ ಯಾವ ಕಾಲಮ್ಮಿನಲ್ಲಿಯೂ ಸ್ಥಳವಿಲ್ಲ. ಬದಲಿ ಸಸಿ ಅಪ್ಪುಸಸ್ಯಗಳನ್ನು ಹೊರುವಷ್ಟು ತೊಗಟೆ ಬೆಳೆಸಿಕೊಳ್ಳಲು ಒಂದು ತಲೆಮಾರೇ ಬೇಕು. ಮರ ಕಡಿಯುವುದನ್ನು ವಿರೋಧಿಸುವ ಹೋರಾಟ ತನ್ನ ದಾರಿಯಲ್ಲಿ ನಡೆಯಲೇಬೇಕು. ಆದರೆ ಕೊಡಲಿ ಬಿದ್ದೇ ತೀರುತ್ತದೆಂದು ಖಚಿತವಾದ ಕಡೆ, ಉರುಳಿದ ಮರಗಳ ಮೇಲಿನ ಗಿಡಗಳನ್ನು ಬಿಡಿಸಿಕೊಳ್ಳಲು ಅರಣ್ಯ ಇಲಾಖೆಯ ಬರಹದ ಅನುಮತಿಯನ್ನು ಗ್ರಾಮ ಅರಣ್ಯ ಸಮಿತಿ ಅಥವಾ ಪಂಚಾಯಿತಿಯ ಮೂಲಕ ಮೊದಲೇ ಕೇಳಿಡುವುದು ವ್ಯವಹಾರಜ್ಞಾನ. ಮರ ಉರುಳಿದ ದಿನವೇ ಹೋಗಬೇಕು. ಲಾರಿ ಬಂದ ಮೇಲೆ ಹೋದರೆ ತೊಗಟೆಯೊಂದಿಗೆ ಎಲ್ಲವೂ ನುಚ್ಚು. ಬಿಡಿಸಿದ್ದನ್ನು ಮನೆಮನೆಗೆ ಹಂಚಿಕೊಳ್ಳುವುದಕ್ಕಿಂತ ಶಾಲೆಯ ಆವರಣ, ದೇವರಬನ, ಕೆರೆಯ ಏರಿಗಳ ಮರಗಳಿಗೆ ಕಟ್ಟುವುದು ಮೇಲು. ಒಂದೆಡೆ ಹತ್ತಾರು ಗಿಡಗಳಿದ್ದರೆ ಪರಾಗಸ್ಪರ್ಶವಾಗಿ ಕಾಯಿ ಕಟ್ಟುವ ಸಾಧ್ಯತೆಯೂ ಹೆಚ್ಚು.

ವಿದ್ಯಾರ್ಥಿಗಳಿಗೆ ಇದರಲ್ಲಿ ಕೆಲಸವಿದೆ. ಮನೆಯಿಂದ ಶಾಲೆಯ ದಾರಿಯಲ್ಲಿ ಸೀತಾಳೆಯಿರುವ ಮರಗಳು ಎಷ್ಟು, ಯಾವ ಜಾತಿಯವು, ಪ್ರತಿಯೊಂದರಲ್ಲಿ ಗಿಡಗಳೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಮೊದಲ ಹೂ ಅರಳಿದ ದಿನ, ಕೊನೆಯ ಹೂ ಉದುರಿದ ದಿನ, ಆ ವರ್ಷ ಮಳೆ ಹಿಡಿದ ದಿನ ಇವನ್ನೂ ಸೇರಿಸಬೇಕು. ಐದು ವರ್ಷ ತಪ್ಪದೆ ಬರೆದ ಇಂಥ ನೋಟ್‌ಬುಕ್ಕು ಯಾವ ಹಳ್ಳಿಯಲ್ಲಿದ್ದರೂ, ಆ ಹಳ್ಳಿಯ ಮರಗಳ ಬಗ್ಗೆ ಯಾವುದೇ ಕಚೇರಿಯ ಕಡತಕ್ಕಿಂತ ಹೆಚ್ಚು ಹೇಳಬಲ್ಲದು. ಮರ ಕಡಿಯುವ ಪ್ರಸ್ತಾಪ ಬಂದಾಗ ಅಹವಾಲು ಸಭೆಯ ಮೇಜಿನ ಮೇಲಿಡಲು ಅದು ಒದಗುತ್ತದೆ.

ಜೂನ್ ಮೊದಲ ವಾರದ ಗಾಳಿಗೆ ಕೊಂಬೆಗಳು ಬೀಳತೊಡಗುತ್ತವೆ. ಅದಕ್ಕೆ ಮೊದಲೇ ಬಾಳೆನಾರನ್ನು ಸೀಳಿ ನೆರಳಿನಲ್ಲಿ ಒಣಗಿಸಿ ಸುತ್ತಿಟ್ಟರೆ, ಬಿದ್ದ ಗಿಡ ಕೈಗೆ ಸಿಕ್ಕ ದಿನ ಹಗ್ಗ ಹುಡುಕುವ ಕೆಲಸವಿರುವುದಿಲ್ಲ. ಕಟ್ಟುವ ಮೊದಲು ನಾರನ್ನು ಒಂದು ಗಳಿಗೆ ನೀರಿನಲ್ಲಿ ನೆನೆಹಾಕಬೇಕು. ಒಣನಾರು ಗಂಟು ಹಾಕುವಾಗ ತುಂಡಾಗುತ್ತದೆ.